ಬೀಜಕ್ಕೆ ಬಿಟ್ಟ ಮರ

ನಮ್ಮ ಲೊರಾನ್ ಭಾವ ನಮ್ಮೂರು ಅಕ್ವೆಸಾಸ್ನೆಯ ಜೌಗಿನಲ್ಲಿ ನಲವತ್ತು ವರ್ಷ ಕರಿ ಆ್ಯಶ್ ಮರ ಬಡಿದವನು. ಹಸಿ ದಿಮ್ಮಿಯ ತೊಗಟೆ ಸುಲಿದು, ಕೊಡಲಿಯ ಬೆನ್ನಿನಿಂದ ಒಂದೇ ಸಮನೆ ಬಡಿದರೆ ಮರ ವರ್ಷಕ್ಕೊಂದರಂತೆ ಬೆಳೆಸಿಕೊಂಡ ಪದರಗಳು ಉದ್ದುದ್ದ ಪಟ್ಟಿಯಾಗಿ ಏಳುತ್ತವೆ. ಅವನು ಬಡಿಯುವುದು, ನನ್ನಕ್ಕ ಹ್ಯಾಟಿ ಬುಟ್ಟಿ ಹೆಣೆಯುವುದು. ಸಂಸಾರ ನಡೆದದ್ದೇ ಹಾಗೆ. ಆ ಸದ್ದಿಗೆ ಅವನ ಬಲಗಿವಿ ಹೋಯಿತು. ಅಕ್ಕ ಬೈಯುವಾಗ ಅದನ್ನೇ ಅವಳತ್ತ ತಿರುಗಿಸಿ ಕೂರುತ್ತಿದ್ದ, ಕಳ್ಳ.

ಮಗಳು ರೀಟಾಳ ಮದುವೆ ಗೊತ್ತಾಯಿತು. ನಮ್ಮಲ್ಲಿ ಹೆಣ್ಣು ಗಂಡು ಬುಟ್ಟಿ ಬದಲಾಯಿಸಿಕೊಂಡರೇ ಮದುವೆ. ಅಷ್ಟು ಹೊತ್ತಿಗೆ ಹಸಿರು ದುಂಬಿಯ ಹುಳ ಜೌಗಿನ ಮರಗಳನ್ನೆಲ್ಲ ತಿಂದು ಮುಗಿಸಿತ್ತು. ಉಳಿದದ್ದು ಒಂದೇ ಮರ, ನೆಟ್ಟಗೆ, ಗಂಟಿಲ್ಲದ್ದು. ಭಾವ ಅದರ ಬುಡದಲ್ಲಿ ಹೊಗೆಸೊಪ್ಪು ಇಟ್ಟು, ಮರದ ಅಪ್ಪಣೆ ಕೇಳಿ, ಕೊಡಲಿ ಎತ್ತಿದ. ತಡೆದವನು ನಾನು.

"ಬೀಜದ ಮರ ಕಡೀತೀಯಾ ಭಾವ? ನಮ್ಮಜ್ಜ ಇದ್ದಿದ್ರೆ ನಿನ್ನ ಕೈ ಮುರೀತಿದ್ದ."

"ಹುಳ ಹತ್ತಿದ್ರೆ ನಿಮ್ಮಜ್ಜ ಬಂದು ಬುಟ್ಟಿ ಕೊಡ್ತಾನೇನೋ?"

"ಈ ಸಲ ಬೀಜ ಉದುರ್ಲಿ. ಮದುವೆ ಮುಂದಿನ ಬೇಸಿಗೆಗೆ ತಾನೇ?"

ಗೊಣಗುತ್ತಲೇ ಕೊಡಲಿ ಇಳಿಸಿದ.

ಬೀಜ ಉದುರಲಿಲ್ಲ. ಮುಂದಿನ ವಸಂತದಲ್ಲಿ ಮರ ಚಿಗುರಲೂ ಇಲ್ಲ. ತೊಗಟೆ ಎಬ್ಬಿಸಿದರೆ ಅಡಿಯಲ್ಲೆಲ್ಲ ಹುಳ ಕೊರೆದ ದಾರಿಗಳು. ಆದರೂ ಭಾವ ಅದನ್ನು ಉರುಳಿಸಿ ಮೂರು ದಿನ ಬಡಿದ. ಒಣಗಿದ ಮರ ಪಟ್ಟಿ ಬಿಡುತ್ತದೆಯೇ? ಚಕ್ಕೆ ಹಾರಿದವು, ಅಷ್ಟೆ.

ಅಕ್ಕ ಅಂಗಳಕ್ಕೆ ಬಂದಳು. "ನಲವತ್ತು ವರ್ಷ ಊರೋರ ಬುಟ್ಟಿಗೆಲ್ಲ ಮರ ಕಡಿದೆ. ಹೆತ್ತ ಮಗಳಿಗೆ ಅಂದ್ರೆ ಮರ ಹಸಿ ಇದ್ದಾಗ ಕೈ ಬರ್ಲಿಲ್ವಾ ನಿಂಗೆ?"

ಭಾವ ನನ್ನ ಮುಖ ನೋಡಿದ. ಬೇಡ ಅಂದವನು ನಾನು ಅಂತ ಒಂದು ಮಾತು ಹೇಳಬೇಕಿತ್ತು. ನಾನು ಬಗ್ಗಿ ಚಕ್ಕೆ ಆಯತೊಡಗಿದೆ. ಅವನೂ ನನ್ನ ಹೆಸರೆತ್ತಲಿಲ್ಲ. ಅವತ್ತು ಮಾತ್ರ ಕೇಳಿಸುವ ಕಿವಿಯನ್ನೇ ಅವಳತ್ತ ಕೊಟ್ಟು ಕೂತಿದ್ದ.

ರೀಟಾ ತಾಯಿಯ ಹಳೇ ಮದುವೆ ಬುಟ್ಟಿ ಹಿಡಿದು ಮದುವೆಯಾದಳು. ಅಕ್ಕ ಆಮೇಲೆ ಗಂಡನಿಗೆ ಜೋಳದ ಸಾರು ಬಡಿಸುತ್ತಿದ್ದಳು, ಮಾತು ಬಡಿಸಲಿಲ್ಲ. ಆ ಮರ ಒಲೆಯಲ್ಲಿ ಚೆನ್ನಾಗಿ ಉರಿಯಿತು. ಆ ಚಳಿಗಾಲವೆಲ್ಲ ನಾನೂ ಅದರ ಮುಂದೆ ಕೈ ಕಾಯಿಸಿಕೊಂಡೆ, ನಾಚಿಕೆಗೆಟ್ಟವನು.

ಚಳಿ ಮುಗಿಯುವ ಮೊದಲೇ ಭಾವ ಹೋದ. ಹತ್ತನೇ ದಿನದ ಊಟದಲ್ಲಿ ಅಕ್ಕ ಅತ್ತಳು. "ನಿನ್ನ ಭಾವ ಒಳ್ಳೇವ್ನೇ ಕಣೋ. ಆ ಒಂದು ಮರದ ವಿಷಯದಲ್ಲಿ ಮಾತ್ರ ಯಾಕೆ ಹಾಗ್ಮಾಡಿದ್ನೋ."

"ಹೂಂ ಅಕ್ಕ," ಅಂದೆ.