ನಾಯಕಿಯ ಬದಲು ಹಾರುವ ಹೊವಿತಾ

ನವೊಟಾಸ್ ಬಂದರಿನಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಮೀನಿನ ತೊಟ್ಟಿ ಎಳೆಯುವವರ ಕೂಗಾಟದ ನಡುವೆ, ಮಂಜುಗಡ್ಡೆ ಕಾರ್ಖಾನೆಯ ಮಾಳಿಗೆ ಮೇಲೆ, ಬಿಳಿ ಮದುವೆ ಗೌನು ತೊಟ್ಟ ಹೊವಿತಾ ಬಾನಾಗ್ ನಿಂತಿದ್ದಾರೆ. ವಯಸ್ಸು ನಲವತ್ತೇಳು. ಗೌನಿನೊಳಗೆ ಮೊಣಕಾಲಿಗೆ ದಪ್ಪನೆಯ ಪಟ್ಟಿ. ಕೆಳಗಿನಿಂದ ಕೂಲಿಯವನೊಬ್ಬ ಕೂಗುತ್ತಾನೆ: "ಹೊವಿ ಅಕ್ಕಾ, ಇದೆಷ್ಟನೇ ಮದುವೆ?"

"ಲೆಕ್ಕ ಬಿಟ್ಟಿದ್ದೀನಪ್ಪ. ಗಂಡ ಮಾತ್ರ ಅದೇ ಹಳೇದು."

ಆ ಹಳೇ ಗಂಡ ಎಲ್ಪಿದ್ಯೊ ಪಕ್ಕದಲ್ಲೇ ಇದ್ದಾರೆ, ನಾಯಕನ ಅಂಗಿ ತೊಟ್ಟು, ನಾಯಕನಷ್ಟೇ ದಟ್ಟವಾದ ಟೋಪನ್ ಇಟ್ಟುಕೊಂಡು. ಚಿತ್ರ ಪ್ರೀತಿಯದ್ದೂ ಹೌದು, ಹೊಡೆದಾಟದ್ದೂ ಹೌದು. ನಾಯಕ ಬೇರೊಬ್ಬನ ಮದುವೆಯಿಂದ ಹುಡುಗಿಯನ್ನು ಎಬ್ಬಿಸಿಕೊಂಡು ಬರುತ್ತಾನೆ, ಗೂಂಡಾಗಳು ಅಟ್ಟಿಸಿಕೊಂಡು ಬರುತ್ತಾರೆ, ಇಬ್ಬರೂ ಕೈ ಕೈ ಹಿಡಿದು ಸಮುದ್ರಕ್ಕೆ ಹಾರುತ್ತಾರೆ. ಮುತ್ತು ಕೊಡುವವರು ಬೇರೆ, ಹಾರುವವರು ಬೇರೆ. ಮುತ್ತು ಕೊಟ್ಟವರ ಮುಖ ಗೋಡೆ ಗೋಡೆಯ ಮೇಲೂ ಇರುತ್ತದೆ. ಹಾರಿದವರ ಹೆಸರು ಜನ ಎದ್ದು ಚಪ್ಪಲಿ ಹುಡುಕುವ ಹೊತ್ತಿಗೆ ತೆರೆಯ ಮೇಲೆ ಓಡಿಹೋಗುತ್ತದೆ. ಇದು ಯಾವ ನ್ಯಾಯವೋ ಸಿನಿಮಾದವರೇ ಹೇಳಬೇಕು.

ಹೊವಿತಾ ಇದೇ ಬಂದರಿನ ಮಗಳು. ತಾಯಿ ಮೀನು ಹೊಗೆಯಾಡಿಸಿ ಮಾರುತ್ತಿದ್ದರು. ದೋಣಿಯ ತುದಿಯಿಂದ ಧುಮುಕುವುದೇ ಮಗಳ ಆಟ. ಅವರಿಗೆ ಹತ್ತೊಂಬತ್ತು ವಯಸ್ಸಾಗಿದ್ದಾಗ ಚಿತ್ರತಂಡವೊಂದು ಬಂತು. ನಾಯಕಿಗೆ ನೀರೆಂದರೆ ಭಯ. "ಯಾರಾದ್ರೂ ಹಾರ್ತೀರಾ ಅಂದ್ರು, ನಾನು ಕೈ ಎತ್ತಿದೆ. ನಾಯಕನ ಬದಲು ಇವನು ನಿಂತಿದ್ದ. ಮೊದಲನೇ ಸಲ ನನ್ನ ಮುಟ್ಟಿದ್ದೇ ದೋಣಿಯಿಂದ ದೂಡೋಕೆ" ಎಂದು ನಗುತ್ತಾರೆ.

ಅಲ್ಲಿಂದ ಮೂವತ್ತಕ್ಕೂ ಹೆಚ್ಚು ಚಿತ್ರ. ಪಕ್ಕೆಲುಬು ಮುರಿದಿದೆ, ಹುಬ್ಬು ಹರಿದಿದೆ. ಆದರೆ ಇವತ್ತಿನ ಚಿಂತೆ ಅವರ ಮೈಯದ್ದಲ್ಲ, ಗಂಡನ ಬಲ ಭುಜದ್ದು. ಜೋಡಿಯಾಗಿ ಹಾರುವವರು ನೀರು ಮುಟ್ಟುವ ಮೊದಲು ಕೈ ಸಡಿಲಿಸಬೇಕು. ಇಲ್ಲದಿದ್ದರೆ ಒಬ್ಬರು ಮೊದಲು ಮುಳುಗಿ, ಇನ್ನೊಬ್ಬರ ತೋಳು ಕಿತ್ತು ಬರುತ್ತದೆ. ಹೋದ ವರ್ಷ ಎಲ್ಪಿದ್ಯೊ ಸಡಿಲಿಸಲಿಲ್ಲ. ಕೀಲು ತಪ್ಪಿತು. ತಿಂಗಳುಗಟ್ಟಲೆ ಮನೆಯಲ್ಲಿ ಕೂತು ಕೋಳಿ ಸಾಕಿದರು. ಇನ್ನೊಂದು ಸಲ ಕೀಲು ತಪ್ಪಿದರೆ ಈ ಕೆಲಸ ಮರೆತುಬಿಡಿ ಎಂದಿದ್ದಾರೆ ವೈದ್ಯರು.

ನಿರ್ದೇಶಕ ಆಂತೊನ್ ಮಾಳಿಗೆ ಹತ್ತಿ ಬರುತ್ತಾರೆ. ಒಳ್ಳೆಯ ಹುಡುಗ, ಆಸೆ ಜಾಸ್ತಿ.

"ಅಕ್ಕಾ, ನೀರು ಮುಟ್ಟೋವರೆಗೂ ಕೈ ಹಿಡ್ಕೊಂಡೇ ಇರಿ. ಪ್ರೀತಿ ಕಾಣಬೇಕು."

"ಡೈರೆಕ್ಟ್ರೇ, ಪ್ರೀತಿ ನಿಮ್ಮ ನಾಯಕಂದು. ಭುಜ ನನ್ನ ಗಂಡಂದು."

"ಒಂದೇ ಸಲ ಅಕ್ಕಾ. ಎರಡನೇ ಗೌನೂ ಇಲ್ಲ."

ಎಲ್ಪಿದ್ಯೊ ನಡುವೆ ಬಾಯಿ ಹಾಕುತ್ತಾರೆ. "ಹಿಡ್ಕೊಳ್ತೀನಿ ಬಿಡೇ. ಏನೂ ಆಗಲ್ಲ."

"ಹೋದ ವರ್ಷಾನೂ ಇದೇ ಅಂದಿದ್ದೆ. ಆಮೇಲೆ ನಿನಗೆ ಅಂಗಿ ತೊಡಿಸಿದ್ದು ಯಾರು, ನಿನ್ನ ಕೋಳೀನಾ?"

ಎಲ್ಪಿದ್ಯೊ ಯಾರು ಕೇಳಿದರೂ ಇಲ್ಲ ಎನ್ನುವ ಮನುಷ್ಯ ಅಲ್ಲ. ಅದು ಹೆಂಡತಿಗೆ ಗೊತ್ತು. ಹೊವಿತಾ ಮತ್ತೆ ವಾದ ಮಾಡುವುದಿಲ್ಲ. ಗೌನು ಎತ್ತಿಕೊಂಡು ಮೆಟ್ಟಿಲಿಳಿದು, ತಂಡಕ್ಕೆ ಅಡುಗೆ ಮಾಡುವ ಹೆಂಗಸಿನ ಬಳಿ ಹೋಗಿ, ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಅಂಗೈಗೆ ಬಗ್ಗಿಸಿಕೊಳ್ಳುತ್ತಾರೆ. ಗಂಡ ಹಿಡಿಯುವ ಎಡಗೈಗೆ ಮಾತ್ರ. ಚೆನ್ನಾಗಿ ಉಜ್ಜಿ, ಮುಷ್ಟಿ ಕಟ್ಟಿ ಮೇಲೆ ಬರುತ್ತಾರೆ.

ಕ್ಯಾಮೆರಾ ಓಡುತ್ತದೆ. ಗೂಂಡಾಗಳ ಬಂದೂಕು ಸಿಡಿಯುತ್ತದೆ. ಗಂಡ ಹೆಂಡತಿ ಓಡಿ ಹಾರುತ್ತಾರೆ. ಎಲ್ಪಿದ್ಯೊ ಹಿಡಿದ ಹಿಡಿತ ಬಿಡುವುದೇ ಇಲ್ಲ. ಹೊವಿತಾ ತಮ್ಮ ಕೈ ಎಳೆಯುತ್ತಾರೆ. ನೀರಿನಿಂದ ಆಳೆತ್ತರ ಮೇಲೆ ಬೆರಳುಗಳು ಮೀನಿನ ಹಾಗೆ ಜಾರಿಕೊಳ್ಳುತ್ತವೆ. ಅಷ್ಟರೊಳಗೆ ಗೌನು ಕೊಡೆಯಂತೆ ಹರಡಿ ಇಬ್ಬರನ್ನೂ ಮುಚ್ಚಿರುತ್ತದೆ.

ಮೊದಲು ಎಲ್ಪಿದ್ಯೊ ನೀರಿನಿಂದ ತಲೆ ಎತ್ತಿ ಬೈಯುತ್ತಾರೆ. "ಕೈಗೇನು ಹಚ್ಕೊಂಡಿದ್ದೆ ಮಾರಾಯ್ತಿ?"

"ತಲೆಗೆ ಹಚ್ಚೋದನ್ನೇ. ಭುಜ ತಿರುಗಿಸು ನೋಡೋಣ."

ಎಲ್ಪಿದ್ಯೊ ತಿರುಗಿಸುತ್ತಾರೆ. ತಿರುಗುತ್ತದೆ. ಹೊವಿತಾ ಆಗ ಉಸಿರು ಬಿಡುತ್ತಾರೆ. ದಡದಲ್ಲಿ ಆಂತೊನ್ ತೆಗೆದ ಶಾಟನ್ನು ಎರಡು ಸಲ ಹಾಕಿ ನೋಡಿ, ಹೆಬ್ಬೆರಳು ಎತ್ತುತ್ತಾರೆ. ಗೌನಿನ ಮರೆಯಲ್ಲಿ ಏನಾಯಿತೋ ಅವರಿಗೆ ಕಂಡಿಲ್ಲ. ಎಣ್ಣೆಯ ವಿಷಯ ಪತ್ರಿಕೆಗೆ ಬರೆಯಬಹುದೇ ಎಂದು ನಾವು ಕೇಳಿದರೆ ಹೊವಿತಾ ತಲೆ ಒರೆಸಿಕೊಳ್ಳುತ್ತಾ, "ಬರೀರಿ, ಶಾಟ್ ಮುಗೀತಲ್ಲ" ಎನ್ನುತ್ತಾರೆ.

ಮಧ್ಯಾಹ್ನ ಬಾಳೆಲೆಯ ಮೇಲೆ ಅನ್ನ, ಹುಳಿ ಸಾರಿನ ಮೀನು. ಮುಂದೇನು ಆಸೆ ಎಂದು ಕೇಳಿದರೆ ಹೊವಿತಾ ಯೋಚಿಸುತ್ತಾರೆ. ಅಷ್ಟರಲ್ಲಿ ಎಲ್ಪಿದ್ಯೊ ಬಲಗೈ ಉದ್ದಕ್ಕೆ ಚಾಚಿ ಹೆಂಡತಿಯ ಪಾಲಿನ ಮೀನಿನ ತಲೆಯನ್ನು ಎತ್ತಿಕೊಂಡುಬಿಡುತ್ತಾರೆ.

ಹೊವಿತಾ ಆ ತೋಳನ್ನೇ ನೋಡುತ್ತಾರೆ. "ನೋಡಿದ್ರಾ, ನನ್ನ ಎಲೆವರೆಗೂ ಬರುತ್ತೆ" ಎಂದು ಹೇಳಿ, ಮೀನಿನ ಬಾಲವನ್ನೂ ಅತ್ತ ಸರಿಸುತ್ತಾರೆ.