ಹಂಡೆಯ ಕೊರಳಿನ ತಂತಿ

ಮೊನ್ನೆ ಮಗಳ ಮನೆಯ ಗೀಸರ್ ಕೆಟ್ಟಿತ್ತು. ರಿಪೇರಿಯವನು ಮುಚ್ಚಳ ಬಿಚ್ಚಿದೊಡನೆ ಸುಟ್ಟ ವೈರಿನ ಘಾಟು ನಡುಮನೆಯವರೆಗೂ ಹಬ್ಬಿತು. ಅವನು ಕರೆಂಟು ನೋಡುವ ಮೀಟರಿನ ಕೆಂಪು ಕಡ್ಡಿ, ಕಪ್ಪು ಕಡ್ಡಿ ಎರಡನ್ನೂ ಎರಡು ಕೈಯಲ್ಲಿ ಹಿಡಿದು ಶಿಳ್ಳೆ ಹಾಕುತ್ತ ಕೆಲಸಕ್ಕಿಳಿದ. ಎದುರುಮನೆ ಮಾವ ಕಣ್ಣ ಮುಂದೆ ಬಂದರು...

ಎಪ್ಪತ್ತರ ದಶಕದ ಶುರುವಿನಲ್ಲಿ ನಾನು ಮದುವೆಯಾಗಿ ಪಿರಿಯಾಪಟ್ಟಣಕ್ಕೆ ಬಂದಾಗ ಅವರು ಎದುರು ಮನೆಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದರು. ನಮಗೆ ಸಂಬಂಧವೇನಲ್ಲ, ಬೀದಿಗೆಲ್ಲ ಮಾವ. ಅವರಂಥ ಇನ್ನೊಬ್ಬ ಪುಕ್ಕಲನನ್ನು ನಾನು ಕಂಡಿಲ್ಲ. ಕರೆಂಟಿನ ಯಾವ ವಸ್ತು ಮುಟ್ಟುವಾಗಲೂ ಎಡಗೈ ಬೆನ್ನ ಹಿಂದೆ ಹೋಗುತ್ತಿತ್ತು. ಮುಳ್ಳಿನ ಮೀಟರಿನ ಕಪ್ಪು ವೈರನ್ನು ಕ್ಲಿಪ್ಪಿನಲ್ಲಿ ಕಚ್ಚಿಸಿ, ಕೆಂಪು ಕಡ್ಡಿಯನ್ನಷ್ಟೇ ಬಲಗೈಯಲ್ಲಿ ಹಿಡಿಯುತ್ತಿದ್ದರು.

"ಎಲ್ಡೂ ಕೈ ಕೊಟ್ರೆ ಕರೆಂಟು ಎದೆ ಮೇಲಾಸಿ ಓಯ್ತದೆ ಮಗಾ. ಒಂದೇ ಕೈ ಸಾಕು" ಎನ್ನುತ್ತಿದ್ದರು. ಬೀದಿಯ ಹೆಂಗಸರು ಅವರಿಗೆ ಒಂಟಿಕೈ ಮಾವ ಎಂದು ಹೆಸರಿಟ್ಟಿದ್ದರು. ನಾನೂ ಸೆರಗು ಅಡ್ಡ ಹಿಡಿದು ನಗುತ್ತಿದ್ದೆ.

ನಮ್ಮದು ಹೊಗೆಸೊಪ್ಪಿನ ಬೇಸಾಯ. ಇದ್ದ ಸೌದೆಯೆಲ್ಲ ಸೊಪ್ಪು ಬೇಯಿಸುವ ಬ್ಯಾರನ್ನಿನ ಹೊಟ್ಟೆಗೇ ಹೋಗುತ್ತಿತ್ತು. ಬಚ್ಚಲೊಲೆಗೆ ಉಳಿಯುತ್ತಿದ್ದುದು ಹಸಿ ಕಟ್ಟಿಗೆ ಮತ್ತು ಹೊಗೆ. ನನ್ನ ಗಂಡ ಕಾಡಿ ಬೇಡಿ ಮಾವನಿಂದ ಕರೆಂಟಿನ ಹಂಡೆಯೊಂದನ್ನು ಮಾಡಿಸಿದರು. ತಾಮ್ರದ ಹಂಡೆಯ ಒಳಗೆ ನೀರು ಕಾಯಿಸುವ ಕಾಯಿಲು, ಹೊರಗೆ ಹಿತ್ತಾಳೆ ನಲ್ಲಿ, ನಲ್ಲಿಯಿಂದ ಒಂದು ಕೊಳವೆ, ಅದರ ತುದಿಗೆ ಸಸಿಮಡಿಗೆ ನೀರು ಹನಿಸುವ ಕ್ಯಾನಿನ ಮೂತಿ. ಬೀದಿಯವರೆಲ್ಲ ಬಂದು ಬಿಸಿ ಮಳೆ ನೋಡಿ ಹೋದರು.

ಮಾವ ಮಾತ್ರ ನಗಲಿಲ್ಲ. ಹಂಡೆಯ ಕೊರಳಿಗೆ ಬರಿಯ ತಾಮ್ರದ ತಂತಿ ಸುತ್ತಿ, ಅದರ ಇನ್ನೊಂದು ತುದಿಯನ್ನು ಹಿತ್ತಲಲ್ಲಿ ಉಪ್ಪು, ಇದ್ದಿಲು ತುಂಬಿದ ಗುಂಡಿಯಲ್ಲಿ ಹೂತರು. ಕರೆಂಟು ಹಂಡೆಗೆ ಇಳಿದರೆ ಈ ತಂತಿ ಅದನ್ನು ಭೂಮಿಗೆ ಒಯ್ದುಬಿಡುತ್ತದೆ ಎಂದರು. ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತ ಮೇಲೇ ನಲ್ಲಿ ಮುಟ್ಟಬೇಕೆಂದು ಎಲ್ಲರಿಂದ ಮಾತು ತೆಗೆದುಕೊಂಡರು. ಆಮೇಲೂ ಆಗಾಗ ಮೀಟರು ಹಿಡಿದು ಬಂದು ನೋಡಿಹೋಗುತ್ತಿದ್ದರು.

ನನ್ನ ಮಗಳು ಹುಟ್ಟಿದ ಮೇಲಿನ ಮೊದಲ ದೀಪಾವಳಿ. ನೀರು ತುಂಬುವ ಹಬ್ಬದ ಸಂಜೆ ಅತ್ತೆ ಹುಣಸೆಹಣ್ಣು ಹಾಕಿ ಹಂಡೆಯನ್ನು ಫಳಫಳ ಹೊಳೆಯುವಂತೆ ತಿಕ್ಕಿದರು. ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಮಾಲಿಂಗನ ಬಳ್ಳಿ ಕಟ್ಟಿ, ಗಂಗೆಗೆ ಕೈಮುಗಿದರು. ನಾನೂ ಮಗುವಿನ ಎರಡೂ ಕೈ ಜೋಡಿಸಿ ಮುಗಿಸಿದೆ.

ಮರುದಿನ ಬೆಳಗಿನ ಜಾವ ಮಗುವಿಗೆ ಎಣ್ಣೆ ಹಚ್ಚಿ ಬಚ್ಚಲಿಗೆ ತಂದೆ. ಕಾಲಡಿಯ ಕಲ್ಲೆಲ್ಲ ಒದ್ದೆ. ಮನೆಮಂದಿಗೆಲ್ಲ ಬಿಸಿನೀರು ಸಾಲಲಿ ಎಂದು ಅತ್ತೆ ಸ್ವಿಚ್ಚು ಆರಿಸಿರಲಿಲ್ಲ. ಅವರ ಕೈ ನಲ್ಲಿಯತ್ತ ಚಾಚಿತ್ತು.

"ವಸಿ ತಡೀ ಕಣಕ್ಕಾ!" ಬಾಗಿಲಲ್ಲಿ ಮಾವ, ಕೈಯಲ್ಲಿ ಮೀಟರಿನ ಪೆಟ್ಟಿಗೆ. "ಮಗೀಗೆ ನೀರಾಕೋಕ್ ಮುಂಚೆ ಒಂದ್ಸಲ ನೋಡ್ಬುಡ್ತೀನಿ."

"ಅಬ್ಬದ ದಿನಾನೂ ನಿಮ್ ಪೆಟ್ಟಿಗೆನೇ ಏನಣ್ಣಾ?" ಅತ್ತೆ ಮುಖ ಸಿಂಡರಿಸಿ ಪಕ್ಕಕ್ಕೆ ಸರಿದರು.

ಮಾವ ಕ್ಲಿಪ್ಪನ್ನು ನೆಲಕ್ಕಿಳಿದ ಮೋರಿಯ ಕಬ್ಬಿಣದ ಸರಳಿಗೆ ಕಚ್ಚಿಸಿದರು. ಎಡಗೈ ಹಿಂದಕ್ಕೆ ಹೋಯಿತು. ಕೆಂಪು ಕಡ್ಡಿ ಹಂಡೆಗೆ ತಗುಲಿದ್ದೇ ತಡ, ಮುಳ್ಳು ಚಂಗನೆ ಹಾರಿ ಆಚೆ ತುದಿಗೆ ಹೋಯಿತು.

"ಮಗೀನ ಎತ್ಕಂಡು ಆಚೆ ಓಗು!"

ಅವರು ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹಜಾರಕ್ಕೆ ಓಡಿಬಂದೆ. ಎಣ್ಣೆ ಹಚ್ಚಿದ ಮಗು ಜಾರೀತೆಂದು ಎದೆಗೆ ಒತ್ತಿಕೊಂಡೆ, ಅದು ಕಿಟಾರನೆ ಅತ್ತಿತು. ಮಾವ ಗೋಡೆಯ ಫ್ಯೂಸು ಕಿತ್ತರು, ಪ್ಲಗ್ಗು ಕಿತ್ತರು. ಮೀಟರಿನ ಗುಂಡಿ ತಿರುಗಿಸಿ, ಕಾಯಿಲಿನ ಪಿನ್ನಿಗೂ ಹಂಡೆಗೂ ನಡುವೆ ನೋಡಿದರು. ಕದಲಬಾರದ ಮುಳ್ಳು ಕದಲಿತು. ಕಾಯಿಲು ಒಳಗೇ ಒಡೆದು ಕರೆಂಟು ಹಂಡೆಗೆ ಇಳಿದಿತ್ತು.

"ಅಂಗಾರೆ ತಂತಿ ಏನ್ ಮಾಡ್ತಾ ಇತ್ತು..." ಎನ್ನುತ್ತ ಹಂಡೆಯ ಕೊರಳು ತಡವಿದರು. ಕೈಗೆ ಸಿಕ್ಕಿದ್ದು ಬಳ್ಳಿ.

ಗಂಗಮ್ಮನ ಕೊರಳಿಗೆ ಕಿಲುಬು ತಂತಿ ಯಾಕೆಂದು ಅತ್ತೆ ಅದನ್ನು ಬಿಚ್ಚಿ ಹಿತ್ತಲಲ್ಲಿ ಎಸೆದಿದ್ದರು. ಹಾಗೆಂದು ಅವರೇ ಹೇಳಿದರು. ಮಾವ ಒದ್ದೆ ನೆಲದ ಮೇಲೇ ಕುಸಿದು ಕೂತರು. ಆ ದಿನ ಯಾರೂ ನಗಲಿಲ್ಲ.

ಮುಂದಿನ ವರ್ಷದಿಂದ ಅತ್ತೆ ಹಬ್ಬದಲ್ಲಿ ಬಳ್ಳಿಯ ಜೊತೆಗೆ ತಂತಿಗೂ ಅರಿಶಿನ ಕುಂಕುಮ ಹಚ್ಚುತ್ತಿದ್ದರು. ಇಷ್ಟೊಂದು ಹೆದರಿಕೆ ಯಾಕೆ ಮಾವ ಎಂದು ನಾನೊಮ್ಮೆ ಕೇಳಿದ್ದೆ. "ಎದರ್ಕಂಡೋನು ಮನೆಗೆ ವಾಪಸ್ ಬತ್ತಾನೆ ಕಣ್ ಮಗಾ" ಎಂದು ಮಾತು ತೇಲಿಸಿದರು. ವಾಪಸ್ ಬಾರದೆ ಹೋದವರು ಯಾರೋ... ಕೇಳುವ ಧೈರ್ಯ ನನಗಾಗಲಿಲ್ಲ.

ಕೊನೆಗೆ ಅವರನ್ನು ಕೊಂಡೊಯ್ದದ್ದು ಕರೆಂಟಲ್ಲ, ಎಲ್ಲರಿಗೂ ಬರುವಂಥದೊಂದು ಜ್ವರ. ಜಗಲಿಯ ಮೇಲೆ ಮಲಗಿಸಿ ಎರಡೂ ಕೈಗಳನ್ನು ಎದೆಯ ಮೇಲೆ ಸೇರಿಸಿ ಕಟ್ಟಿದ್ದರು. ಆ ಎಡಗೈ ಮುಂದಿದ್ದುದನ್ನು ಕಂಡು ನನಗೆ ದಿಗಿಲಾಯಿತು. ಬಿಚ್ಚಿ ಬೆನ್ನ ಹಿಂದೆ ಇಟ್ಟುಬಿಡಲೇ ಅನ್ನಿಸಿತು...

"ಏನೂ ತೊಂದ್ರೆ ಇಲ್ಲ ಅಜ್ಜಿ, ಧೈರ್ಯವಾಗಿ ಸ್ನಾನ ಮಾಡಿ" ಎಂದು ರಿಪೇರಿಯವನು ಪೆಟ್ಟಿಗೆ ಮುಚ್ಚಿಕೊಂಡು ಹೋದ. ಅಂದು ನನ್ನ ಕಂಕುಳಲ್ಲಿದ್ದ ಮಗಳು, ಈಗ ತಲೆ ನರೆತವಳು, ನಲ್ಲಿಗೆ ಕೈ ಚಾಚಿದಳು. "ಒಂದೇ ಕೈ ಸಾಕು ಕಣೇ" ಎಂದೆ. ಅಮ್ಮನಿಗೆ ಅರಳುಮರಳು ಎಂದು ನಕ್ಕಳು. ಅವಳಿಗೆ ಮಾವನ ಮುಖವೂ ನೆನಪಿಲ್ಲ. ನೀರು ಬೀಳುವ ಸದ್ದು ಕೇಳಿ, ಅದರ ಹಿಂದೆ ಅವಳು ಗುನುಗುವ ಹಾಡೂ ಕೇಳುವವರೆಗೆ ನಾನು ಬಚ್ಚಲ ಬಾಗಿಲಲ್ಲೇ ನಿಂತಿದ್ದೆ, ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು.