ಅಂಚಿರುವ ಕೆಂಪು, ಅಂಚಿಲ್ಲದ ಕೆಂಪು

ಕಾಕೂನ ಎಡಗಣ್ಣು ಉಳಿದಿದೆಯೋ ಇಲ್ಲವೋ ಎಂಬುದು ಎಷ್ಟೋ ದಿನ ನಮಗೆ ಯಾರಿಗೂ ಗೊತ್ತಿರಲಿಲ್ಲ. ಅದಕ್ಕೆ ಅರ್ಧ ಕಾರಣ ಬೆಂಕಿ, ಇನ್ನರ್ಧ ಕರದಂಟಿನ ಚಿತ್ರ. ಬೆಂಕಿಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಕರದಂಟಿನ ಮಾತು ತೆಗೆದರೆ ನಗುತ್ತಾರೆ. ಆದರೆ ಕರದಂಟು ಬಿಟ್ಟರೆ ಬೆಂಕಿ ಅರ್ಥವಾಗುವುದಿಲ್ಲ.

ನಾನು ಮೂಡಲಗಿಯ ಹೈಸ್ಕೂಲೊಂದರಲ್ಲಿ ಚಿತ್ರಕಲೆ ಕಲಿಸುತ್ತೇನೆ. ಕಾಲೇಜಿನಲ್ಲಿ ನಮಗೆ ಪಾಪ್ ಆರ್ಟ್ ಎಂಬ ಪಾಠವಿತ್ತು. ಅಂಗಡಿಯ ಡಬ್ಬಿ, ಬಾಟಲಿ, ಜಾಹೀರಾತಿನ ಮುಖ, ಇಂಥವನ್ನು ನೆರಳು ಬೆಳಕಿಲ್ಲದ ಚಪ್ಪಟೆ ಬಣ್ಣದಲ್ಲಿ ಮತ್ತೆ ಮತ್ತೆ ಅಚ್ಚು ಹಾಕಿ ಗೋಡೆಗೆ ತೂಗುವುದು. ಯಾಕೆ ಎಂದು ನನಗೆ ತಿಳಿದಿರಲಿಲ್ಲ, ಆದರೂ ಪಾಸಾದೆ. ಪಾಠ ಮಾಡಿದವರಿಗೂ ತಿಳಿದಿತ್ತೆಂದು ಅನ್ನಿಸುವುದಿಲ್ಲ. ಹೋದ ವರ್ಷ ಹುಕ್ಕೇರಿಯ ಗೆಳತಿಯರು ಕೂಡಿ ಒಂದು ಪ್ರದರ್ಶನ ಇಡುತ್ತೇವೆ, ನೀನೂ ಏನಾದರೂ ತಾ ಎಂದರು. ನಾನು ಕರದಂಟಿನ ಸ್ಕ್ರೀನ್ ಪ್ರಿಂಟ್ ತರುತ್ತೇನೆ ಎಂದುಬಿಟ್ಟೆ. ಆ ಸಿಹಿತಿಂಡಿಗೇ ಹೆಸರಾದ ಗೋಕಾಕದ ಮಗ್ಗುಲಲ್ಲಿದ್ದು ಬಾಳೆಹಣ್ಣು ಬರೆದರೆ ಮರ್ಯಾದೆ ಇರುತ್ತದೆಯೇ?

ಗೋಕಾಕದಲ್ಲಿ ಲಗ್ನಪತ್ರಿಕೆ, ಬಟ್ಟೆ ಚೀಲ ಪ್ರಿಂಟ್ ಮಾಡುವ ಗಂಡ ಹೆಂಡತಿ ಇದ್ದಾರೆ. ಊರಿಗೆಲ್ಲ ಅವರು ಕಾಕಾ, ಕಾಕೂ. ಮುಂದೆ ಅಂಗಡಿ, ಹಿಂದೆ ಒಂದೇ ಬಾಗಿಲಿನ ಪ್ರಿಂಟಿನ ಖೋಲಿ. ಕಾಕಾ ಜಾಳಿಗೆ ಬಿಗಿದ ಚೌಕಟ್ಟನ್ನು ಹಾಳೆಯ ಮೇಲೆ ಇಳಿಸಿ ರಬ್ಬರ್ ಪಟ್ಟಿಯಿಂದ ಬಣ್ಣ ಎಳೆಯುತ್ತಾನೆ. ಕಾಕೂ ಬಣ್ಣಕ್ಕೂ ಗಂಡನಿಗೂ ಕೊಂಕು ತೆಗೆಯುತ್ತಾಳೆ.

ನನ್ನ ಮೊದಲ ಪ್ರಿಂಟು ಕಂದು ಚೌಕ, ಒಳಗೆ ಕಪ್ಪು ಗೆರೆಯ ಗೋಡಂಬಿ. ಕಾಕೂ ನೋಡಿದಳು. "ಇಟ್ಟಂಗಿ ಭಾಳ ಛಲೋ ಬಂದೈತಿ ತಂಗಿ. ಮನಿ ಕಟ್ಟಸ್ತೀಯೇನ?"

ಸಿಟ್ಟು ಬಂತು, ಆದರೆ ಅದು ಇಟ್ಟಂಗಿಯೇ ಆಗಿತ್ತು. ಚಪ್ಪಟೆ ಬಣ್ಣ ಹಾಕಿದ ಕೂಡಲೇ ತುಪ್ಪದ ಹೊಳಪು, ಅಂಟಿನ ಜಿಗುಟು ಎಲ್ಲ ಹೋಗಿ, ಉಳಿದದ್ದು ಬರೀ ಆಕಾರ. ನಾನೋ ಬಣ್ಣವನ್ನು ನಂಬಿ ಆಕಾರವನ್ನು ನೋಡಿರಲೇ ಇಲ್ಲ. ಮರುದಿನ ಒಂದು ತುಂಡು ಕೊಂಡು ಎದುರಿಗಿಟ್ಟುಕೊಂಡೆ. ಕತ್ತರಿಸಿದ ಕಡೆ ಅಂಚು ನೆಟ್ಟಗಿದೆ, ಮೂಲೆಯೊಂದು ಮುರಿದಿದೆ, ಗೋಡಂಬಿಯ ಬೆನ್ನು ಅಂಚಿನಿಂದ ಆಚೆ ಬಂದಿದೆ. ಅಷ್ಟನ್ನೇ ಬರೆದು ಕಂದು ಬಿಟ್ಟು ಕೆಂಪು ಹಾಕಿದೆ. ನಾನೇ ಕಲಸಿದ, ಚೂರು ಗುಲಾಬಿಗೆ ತಿರುಗುವ, ಕಣ್ಣಿಗೆ ಚುಚ್ಚುವ ಕೆಂಪು. ಗೋಡಂಬಿಗೆ ಹಳದಿ.

"ಈಗ ಕರದಂಟ ಆತ ನೋಡ," ಎಂದಳು ಕಾಕೂ. "ಇಂಥಾ ಬಣ್ಣದ್ದ ತಿಂದ್ರ ಹೊಟ್ಟಿ ಕೆಡತೈತಿ, ಅದ ಬ್ಯಾರೆ ಮಾತ."

ಕಾಲೇಜು ಹೇಳದ್ದು ನನಗೆ ಆಗ ತಿಳಿಯಿತು. ಬಣ್ಣ ಸರಿಯಿದ್ದರೆ ಕಣ್ಣು ಸೋಮಾರಿಯಾಗಿ ಮುಂದೆ ಹೋಗುತ್ತದೆ. ಬಣ್ಣ ಸುಳ್ಳಾದಾಗ ಆಕಾರವನ್ನು ಸಾಕ್ಷಿಗೆ ಕರೆಯುತ್ತದೆ.

ಇನ್ನು ಜಗಳ ಉಳಿದದ್ದು ಕಾಕಾನ ಜೊತೆ. ಗೋಡಂಬಿಯ ಹಳದಿ ಬಣ್ಣ ಕಪ್ಪು ಗೆರೆಯಿಂದ ತುಸು ಆಚೆ ಸರಿಯಲಿ ಎಂದೆ.

"ಅಕ್ಕಾರ, ಬಣ್ಣ ಗೆರಿ ದಾಟಿದ್ರ ನಾ ಪತ್ರಿಕಾ ವಾಪಸ್ ತಗೋಬೇಕಾಗತೈತ್ರಿ."

"ಇದರೊಳಗ ದಾಟಬೇಕ ಕಾಕಾ."

"ಅಂದ್ರ ನಂದ ದಾಟಿದ್ರ ವೇಸ್ಟು, ನಿಮ್ಮದ ದಾಟಿದ್ರ ಆರ್ಟು. ಇದರ ಸಲುವಾಗಿ ಎಷ್ಟ ವರ್ಷ ಕಲ್ತೀರಿ?"

ಕೊನೆಯ ಕೆಂಪು ಎಳೆಯುವ ದಿನ ಅಮಾವಾಸ್ಯೆ. ನಮ್ಮ ಕಡೆ ಅಮಾವಾಸ್ಯೆಗೆ ಅಂಗಡಿ ಪೂಜೆ ತಪ್ಪುವುದಿಲ್ಲ. ಯಂತ್ರ, ತಕ್ಕಡಿ, ಗಲ್ಲಾಪೆಟ್ಟಿಗೆ, ಏನಿದೆಯೋ ಅದಕ್ಕೆ ಕುಂಕುಮ, ಕಾಯಿ, ಕರ್ಪೂರದಾರತಿ. ಈ ಮನೆಯಲ್ಲಿ ಅದು ಬೆಳಿಗ್ಗೆ ಬಣ್ಣದ ಡಬ್ಬಿ ತೆರೆಯುವ ಮೊದಲೇ ಮುಗಿಯುತ್ತಿತ್ತು. ಆ ದಿನ ಕಾಕೂ ತವರೂರು ಘೋಡಗೇರಿಯಿಂದ ಬರಬೇಕಿತ್ತು, ಬರುವಷ್ಟರಲ್ಲಿ ಮಧ್ಯಾಹ್ನ. "ಬಸ್ ಫ್ರೀ ಮಾಡ್ಯಾರ, ಕಾಲಿಡಾಕ ಜಾಗಾ ಮಾಡಿಲ್ಲ," ಎಂದು ಬೈಯುತ್ತ ಒಳಗೆ ಬಂದಳು.

ನಾವು ಕಾಯದೆ ಕೆಲಸ ಮುಗಿಸಿದ್ದೆವು. ಹಸಿ ಹಾಳೆಗಳನ್ನು ಗಾಳಿ ಬರುವ ಒಂದೇ ಜಾಗದಲ್ಲಿ, ಅಂದರೆ ಖೋಲಿಯ ಬಾಗಿಲಿಗೆ ಅಡ್ಡ ಕಟ್ಟಿದ ಹಗ್ಗಗಳ ಮೇಲೆ, ಕ್ಲಿಪ್ ಹಾಕಿ ತೂಗಿದ್ದೆ. ಧೂಳು ಕೂರದಿರಲೆಂದು ಕಿಟಕಿ ಮುಚ್ಚಿತ್ತು. ಕಾಕಾ ಒಳಗೆ ಸ್ಕ್ರೀನನ್ನು ತಿನ್ನರ್ ಹಾಕಿ ಒರೆಸಿ, ತೊಯ್ದ ಅರಿವೆಗಳನ್ನು ಬಕೆಟ್ಟಿಗೆ ಎಸೆದಿದ್ದ. ಆ ವಾಸನೆಗೆ ನಮ್ಮ ಮೂಗು ಎಂದೋ ಸತ್ತಿತ್ತು.

"ಪೂಜಿ ಇಲ್ದ ಹೊಸಾ ಬಣ್ಣ ಎಳದ್ರೇನ? ದೇವರಿಗೆ ನಿಮ್ಮಂಗ ರಜಾ ಇಲ್ಲ," ಎನ್ನುತ್ತ ಕಾಕೂ ಬಗ್ಗಿ ಹಾಳೆಗಳ ಕೆಳಗಿಂದ ತಟ್ಟೆ ಸಮೇತ ನುಸುಳಿದಳು. ನಾನು ಬಾಗಿಲಾಚೆ ಕೊನೆಯ ಕ್ಲಿಪ್ ಹಾಕುತ್ತಿದ್ದೆ. ಕಡ್ಡಿ ಗೀರಿದ ಸದ್ದು ಕೇಳಿತು.

ಭುಸ್ ಎಂದಿತು, ಅಷ್ಟೇ. ಮೊದಲ ಉರಿಗೆ ಬಣ್ಣವೇ ಇರಲಿಲ್ಲ. ಹಾಳೆಗಳ ಸಂದಿನಲ್ಲಿ, ಮೇಜಿನ ಮೇಲೆ ತಿನ್ನರ್ ತುಂಬಿದ ಗಾಳಿ ಬಿಸಿಲಿನಂತೆ ನಡುಗಿತು, ಆಮೇಲೆ ನೀಲಿ, ಆಮೇಲೆ ಬಕೆಟ್ಟಿನಿಂದ ಹಳದಿ. ಹಾಳೆಗಳ ಕೆಳಗೆ ನನಗೆ ಕಂಡದ್ದು ಕಾಕೂನ ಎರಡು ಕಾಲು, ಉರುಳಿದ ತಟ್ಟೆ. ಮೇಲೆ ಸಾಲುಸಾಲು ಕೆಂಪು ಕರದಂಟು, ಹಿಂದಿನಿಂದ ಬೆಳಕು ಬಿದ್ದು ಥಳಥಳ ಹೊಳೆಯುತ್ತಿದ್ದವು. ಅಷ್ಟು ಚೆಂದ ಅವು ಎಂದೂ ಕಂಡಿರಲಿಲ್ಲ. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೆ ಕಣ್ಣಿಗೆ ಯಾರೂ ನೀತಿ ಕಲಿಸಿಲ್ಲ.

"ಸೆರಗ! ಸೆರಗ!" ಎಂದು ಕಾಕಾ ಕೂಗಿದ. ಗೋಣಿಚೀಲದಿಂದ ಬಡಿಯುವ ಸದ್ದು. ನಾನು ಹಗ್ಗ ಹಿಡಿದು ಜಗ್ಗಿದೆ, ಮೊಳೆ ಬಿಡಲಿಲ್ಲ. ಆಗ ಕಾಕೂ ತಲೆ ಮುಂದೆ ಮಾಡಿ ಹಾಳೆಗಳನ್ನು ಹರಿದುಕೊಂಡೇ ಹೊರಗೆ ಬಂದಳು, ಹಿಂದೆ ಕಾಕಾ. ಪಕ್ಕದ ಅಂಗಡಿಯವರು ಮರಳು, ತೊಯ್ದ ಚೀಲ ತಂದು ಉರಿ ಆರಿಸಿದರು.

ಬೀದಿಯಲ್ಲಿ ಕಾಕೂನನ್ನು ನೋಡಿದವರು ಅಯ್ಯೋ ಎಂದು ಚೀರಿದರು. ಹಣೆ, ಕೆನ್ನೆ, ಎಡಗಣ್ಣು, ಬಲಗೈ, ಎಲ್ಲ ಕೆಂಪೋ ಕೆಂಪು. ಎಡಗಣ್ಣು ಮುಚ್ಚಿಹೋಗಿತ್ತು. ಅದರಲ್ಲಿ ಬಣ್ಣ ಎಷ್ಟು, ಸುಟ್ಟದ್ದು ಎಷ್ಟು?

ಅಷ್ಟರಲ್ಲಿ ಕಾಕಾ ಅಭ್ಯಾಸಬಲದಿಂದ ಎಂದ, "ತಡಿ, ತಿನ್ನರ್ ಹಚ್ಚಿದ್ರ ಬಣ್ಣ ಹೋಗತೈತಿ."

ಒಂದೇ ಕಣ್ಣಿನಿಂದ ಕಾಕೂ ಅವನನ್ನು ನೋಡಿದಳು. "ಒಂದ ಸಲ ಸುಟ್ಟದ್ದ ಸಾಲಲಿಲ್ಲೇನ ನಿನಗ, ಹಾಟ್ಯಾ?"

ನಲ್ಲಿಯ ಕೆಳಗೆ ಕೈ ಹಿಡಿಸಿ, ಆಮೇಲೆ ರಿಕ್ಷಾದಲ್ಲಿ ಘಟಪ್ರಭೆಯ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಕಾಕಾ ಒಂದೇ ಮಾತು ಕೇಳುತ್ತಿದ್ದ. "ಕಣ್ಣ ಐತೇನ ಅಕ್ಕಾರ? ನೋಡ್ರಿ, ಕಣ್ಣ ಐತೇನ?"

ಅಲ್ಲಿ ನರ್ಸ್ ಹತ್ತಿ ಹಿಡಿದು ನಿಂತಳು. "ಎಲ್ಲಿ ಬಣ್ಣ, ಎಲ್ಲಿ ಸುಟ್ಟೈತಿ ಹ್ಯಾಂಗ ಗೊತ್ತಾಗಬೇಕ್ರಿ? ಸುಟ್ಟ ಕಡೆ ತಿಕ್ಕಿದ್ರ ಚರ್ಮಾನ ಬರತೈತಿ."

ನಾನು ಬಗ್ಗಿ ನೋಡಿದೆ. ಅಷ್ಟು ಹತ್ತಿರದಿಂದ ನಾನು ಯಾವ ಚಿತ್ರವನ್ನೂ ನೋಡಿರಲಿಲ್ಲ. ಕೆನ್ನೆಯ ಮೇಲಿನ ಕೆಂಪು ಒಂದು ಕಡೆ ಚೂಪಾಗಿ ನಿಂತಿತ್ತು: ನೆಟ್ಟಗಿನ ಅಂಚು, ಮುರಿದ ಮೂಲೆ, ಹಸಿ ಹಾಳೆಯಿಂದ ಅಚ್ಚೊತ್ತಿ ಎಡಬಲ ತಿರುಗಿದ ಕರದಂಟು. "ಇದು ನನ್ನ ಬಣ್ಣರಿ, ಒರಸ್ರಿ," ಎಂದೆ. ಹಣೆಯಲ್ಲೂ ಅಂಚಿತ್ತು. ಬಲಗೈಯಲ್ಲಿ ಇರಲಿಲ್ಲ. ಅಲ್ಲಿ ಕೆಂಪು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಗೆರೆ ಎಳೆಯಲಾಗದಂತೆ ಚರ್ಮದೊಳಗೆ ಇಳಿದು ಹೋಗಿತ್ತು. "ಇದನ್ನ ಮುಟ್ಟಬ್ಯಾಡ್ರಿ. ಇದು ನಂದಲ್ಲ."

ಕಣ್ಣಿನ ಸುತ್ತ ಬಂದಾಗ ನನ್ನ ವಿದ್ಯೆ ಮುಗಿಯಿತು. ಹುಬ್ಬು ಕಮರಿತ್ತು. ರೆಪ್ಪೆಯ ಮೇಲೆ ಅಂಚೂ ಇತ್ತು, ಇಲ್ಲದ್ದೂ ಇತ್ತು. ಡಾಕ್ಟರು ಬಂದು ನೀರು ಹನಿಸಿ ತೊಳೆದರು, ಮುಲಾಮು ಹಚ್ಚಿ ಪಟ್ಟಿ ಕಟ್ಟಿದರು, ಬಿಚ್ಚಿದ ಮೇಲೆಯೇ ಹೇಳುತ್ತೇನೆ ಎಂದರು.

ಹುಕ್ಕೇರಿಯ ಪ್ರದರ್ಶನ ನಾನಿಲ್ಲದೆ ನಡೆಯಿತು. ಪಟ್ಟಿ ಬಿಚ್ಚುವ ದಿನ ರಜೆ ಹಾಕಿ ಹೋದೆ. ಕಾಕಾ ಮಂಚದ ಕಾಲ ಕಡೆ ಅವಳಿಗೆ ಎದುರಾಗಿ ನಿಂತಿದ್ದ. ಡಾಕ್ಟರು ಬಲಗಣ್ಣು ಮುಚ್ಚಿಸಿ, ಏನು ಕಾಣುತ್ತದೆ ಎಂದು ಕೇಳಿದರು.

ಕಾಕೂ ಗಂಡನ ಮುಖ ನೋಡಿದಳು. "ಅದ ಮಾರಿ ಕಾಣಾಕತ್ತೈತ್ರಿ. ಈ ಕಣ್ಣಾಗರ ಒಂಚೂರ ಛಂದ ಕಾಣಸ್ತಾನೇನೋ ಅಂದ್ಕೊಂಡಿದ್ನಿ."

ಕಾಕಾ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಅತ್ತ. ಕಾಕೂಗೆ ಬಲಗೈ ಇನ್ನೂ ಪೂರ್ತಿ ಮಡಚಲು ಬರುವುದಿಲ್ಲ. ಆರತಿ ಈಗ ಬೀದಿಕಟ್ಟೆಯ ಮೇಲೆ, ಎಡಗೈಯಲ್ಲಿ.

ನನಗೆ ಮಾತ್ರ ಅದು ಮುಗಿದಿಲ್ಲ. ಬೋರ್ಡಿನ ಮುಂದೆ ನಿಂತಾಗ, ಬಸ್ಸಿನಲ್ಲಿ ಕೂತಾಗ, ಆ ಹಾಳೆಗಳು ಮತ್ತೆ ತೂಗುತ್ತವೆ, ಕೆಳಗೆ ಎರಡು ಕಾಲು ಕಾಣುತ್ತವೆ, ಮತ್ತು ಈ ಸಲ ಯಾರೂ ಹರಿದುಕೊಂಡು ಹೊರಗೆ ಬರುವುದಿಲ್ಲ. ಆಗ ಕೆಲಸವಿಲ್ಲದಿದ್ದರೂ ಫೋನ್ ಹಚ್ಚುತ್ತೇನೆ. ಕಾಕೂಗೆ ಯಾಕೆಂದು ಗೊತ್ತು.

"ಹೂಂ, ಇಲ್ಲೇ ಅದೀನಿ," ಎನ್ನುತ್ತಾಳೆ. "ಫೋನ್ ಇಡ. ಹಾಲ ಉಕ್ಕಾಕತ್ತೈತಿ."